ಖಾಲಿ ಟ್ಯಾಂಕ್‌ಗೆ ಇಳಿಯಬಹುದಾ? ಸೇಫ್ಟಿ ಸರ್‌ಗೆ ಕೇಳಿ

ಕುಷ್ಟಗಿ ಹುಡುಗ: ಸರ್, ನನ್ನ ತಮ್ಮ ಗೋವಾದ ಮಾಂಡೋವಿ ನದಿಯಲ್ಲಿ ಅದಿರು ಸಾಗಿಸುವ ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಮೇಲೆ ಕೆಲಸಕ್ಕಿದ್ದಾನೆ. ಮಳೆಗಾಲವೆಲ್ಲ ಮುಚ್ಚಿದ್ದ ತಳದ ಟ್ಯಾಂಕ್‌ಗೆ ಇಳಿದು ತುಕ್ಕು ಕೆರೆಯಬೇಕಂತೆ. ನಿನ್ನೆ ಹತ್ತು ನಿಮಿಷಕ್ಕೇ ತಲೆ ಗಿಮ್ ಅಂದು ಮೇಲೆ ಬಂದ. ವಾಸನೆ ಏನೂ ಇಲ್ಲ, ಬರೀ ಖಾಲಿ ಟ್ಯಾಂಕ್. ಮೇಸ್ತ್ರಿ "ಮುಚ್ಚಳ ತೆಗೆದು ಒಂದು ತಾಸು ಬಿಟ್ಟರೆ ಸಾಕು" ಅಂತಾನೆ. ನಾಳೆ ಮತ್ತೆ ಇಳಿಯಬೇಕು.

ಸೇಫ್ಟಿ ಸರ್: ಇಳಿಯೋದು ಬೇಡ. ಈಗಲೇ ಫೋನ್ ಮಾಡಿ. ಖಾಲಿ ಅಂದಿದ್ದಕ್ಕೇ ನನಗೆ ಭಯ. ಕಬ್ಬಿಣ ತುಕ್ಕು ಹಿಡಿಯುವಾಗ ಗಾಳಿಯ ಆಕ್ಸಿಜನ್ ತಿನ್ನುತ್ತೆ. ಹೊರಗೆ ಶೇ. 20.9 ಇರುತ್ತೆ. 19.5ಕ್ಕಿಂತ ಕಡಿಮೆ ಇದ್ದರೆ ಇಳಿಯುವಂತಿಲ್ಲ. 10ರ ಹತ್ತಿರ ಬಂದರೆ ಎಚ್ಚರ ತಪ್ಪುತ್ತೆ. ಉಸಿರುಗಟ್ಟಿದ ಹಾಗೂ ಅನಿಸಲ್ಲ, ಕಾಲು ಸೋತು ಕೂತುಬಿಡುತ್ತಾರೆ.

ಮುಚ್ಚಳ ತೆಗೆದರೆ ಮೂಲೆಯ ಗಾಳಿ ಕದಲಲ್ಲ. ಬ್ಲೋವರ್ ಪೈಪ್ ತಳದವರೆಗೆ ಬಿಡಬೇಕು. ಒಳಗಿನ ಆಕ್ಸಿಜನ್ ಎಷ್ಟು ಅಂತ ತೋರಿಸುವ ಗ್ಯಾಸ್ ಮೀಟರಿನ ಟ್ಯೂಬ್ ಇಳಿಸಿ ಮೇಲೆ, ನಡುವೆ, ತಳದಲ್ಲಿ ನೋಡಬೇಕು. ಟ್ಯಾಂಕ್ ಬಾಯಿಯ ಹತ್ತಿರ ಒಬ್ಬ ಕಾವಲು ಇರಬೇಕು, ಅವನನ್ನು ಚಹಾ ತರೋಕೂ ಕಳಿಸಬಾರದು. ಒಳಗಿನವ ಬಿದ್ದರೆ ಇವನು ಹಾರಬಾರದು. ಒಳಗಿನವನಿಗೆ ಕಟ್ಟಿದ ಹಗ್ಗ ಎಳೆಯಬೇಕು, ಕೂಗಬೇಕು. ಎತ್ತೋಕೆ ಹಾರಿ ಸತ್ತವರು ಬಹಳ ಜನ. ಟ್ರೇನಿಂಗ್‌ನಲ್ಲಿ ಮೊದಲ ದಿನ ನಾನು ಒಂದು ಗೊಂಬೆಯನ್ನು ಗುಂಡಿಗೆ ಬೀಳಿಸಿ, ಹುಡುಗರನ್ನು ಮೇಲೆ ಸುಮ್ನೆ ನಿಲ್ಲಿಸುತ್ತೇನೆ. ಗೊಂಬೆ ಅಂತ ಗೊತ್ತಿದ್ದೂ ಕಾಲು ಇಳಿಬಿಡುತ್ತಾರೆ!

ಗಂಗಾವತಿ ಮಿಲ್: ದೀಪ ಇಳಿಸಿ ನೋಡಿದರೆ ಗೊತ್ತಾಗಲ್ವಾ ಸರ್?

ಸೇಫ್ಟಿ ಸರ್: ಇಲ್ಲ. ವಿಷದ ಗ್ಯಾಸ್ ಇದ್ದರೂ ದೀಪ ಉರಿಯುತ್ತೆ. ಸುಡುವ ಗ್ಯಾಸ್ ಇದ್ದರೆ ನೀವೇ ಬೆಂಕಿ ಇಟ್ಟ ಹಾಗೆ.

ಸಿಂಧನೂರು ಗೆಳೆಯ: ಫಾರ್ವರ್ಡ್: ಮೂಗಿಗೆ ಒದ್ದೆ ಟವೆಲ್ ಕಟ್ಟಿ, ಬಾಯಲ್ಲಿ ಬೆಲ್ಲ ಇಟ್ಟುಕೊಂಡರೆ ಗ್ಯಾಸ್ ತಾಗಲ್ಲ.

ಸೇಫ್ಟಿ ಸರ್: ಇದು ನಾಲ್ಕನೇ ಸಲ. ಅಳಿಸಿ.

ಸಿಂಧನೂರು ಗೆಳೆಯ: ನಮ್ಮ ಅಜ್ಜ ಬೇವಿನ ಟೊಂಗೆ ಆಡಿಸಿ ಬಾವಿಗೆ ಇಳೀತಿದ್ದರು. ಏನಾಯ್ತು?

ಬಳ್ಳಾರಿ ವೆಲ್ಡರ್: ಬದುಕಿದ ಅಜ್ಜನ ಕಥೆ ಮಾತ್ರ ಮನೆಗೆ ಬರುತ್ತೆ ಅಣ್ಣ.

ಸಿಂಧನೂರು ಗೆಳೆಯ: ಅಜ್ಜನ ಸುದ್ದಿಗೆ ಬರಬೇಡ.

ಬಳ್ಳಾರಿ ವೆಲ್ಡರ್: ತಂದವರು ಯಾರು?

ರಾಯಚೂರು: ಟ್ರೇನಿಂಗ್ ಸರ್ಟಿಫಿಕೇಟ್‌ಗೆ ಎಷ್ಟು ಫೀ?

ಕಾರಟಗಿ: ವೆಲ್ಡಿಂಗ್ ಆಕ್ಸಿಜನ್ ಸಿಲಿಂಡರ್ ಒಳಗೆ ಬಿಟ್ಟರೆ?

ಸೇಫ್ಟಿ ಸರ್: ಬೇಡವೇ ಬೇಡ! ಒಂದು ಕಿಡಿಗೆ ಮೈಮೇಲಿನ ಬಟ್ಟೆ ಹೊತ್ತುತ್ತೆ. ಅಜ್ಜನ ಜಗಳ ಹೊರಗೆ ಆಡಿ. ಕುಷ್ಟಗಿ, ಫೋನ್ ಮಾಡಿದಿರಾ?

ಕುಷ್ಟಗಿ ಹುಡುಗ: ಮಾಡಿದೆ ಸರ್. ಮೀಟರ್ ಇದೆಯಂತೆ, ಚಾರ್ಜ್ ಇಲ್ಲವಂತೆ.

ಸೇಫ್ಟಿ ಸರ್: ಹಾಗಾದರೆ ಮೀಟರ್ ಇಲ್ಲ. ಮೇಸ್ತ್ರಿ ನಂಬರ್ ನನಗೆ ಕಳಿಸಿ.