ಸಹಾಯ ಬೇಕು: ಆಪರೇಷನ್ ಆದ ರಾತ್ರಿಯೇ ಬೆಕ್ಕು ಹೋಯಿತು

ಸಂತಾನಹರಣ ಆಪರೇಷನ್ ಮಾಡಿಸಿಕೊಂಡು ಬಂದ ನಮ್ಮ ಚಿನ್ನಿ ನಿನ್ನೆ ರಾತ್ರಿ ತೀರಿಹೋದಳು. ಮನೆಗೆ ಬಂದಾಗ ಮಂಪರಿತ್ತು, ಅದು ಸಹಜ ಅಂದಿದ್ದರು. ಆಮೇಲೆ ಒಸಡು ಬಿಳಿಚಿಕೊಂಡು ಮೈ ತಣ್ಣಗಾಯಿತು. ಫೋನ್ ಮಾಡುವಷ್ಟರಲ್ಲಿ ಮುಗಿದೇ ಹೋಗಿತ್ತು. ಒಳಗೆ ರಕ್ತನಾಳಕ್ಕೆ ಹಾಕಿದ ಗಂಟು ಸಡಿಲಿ ರಕ್ತ ಸೋರಿತೋ, ಮೊದಲೇ ಹೃದಯದ ತೊಂದರೆ ಇದ್ದು ಅರಿವಳಿಕೆ ತಡೆಯಲಿಲ್ಲವೋ, ಡಾಕ್ಟರೂ ಖಚಿತವಾಗಿ ಹೇಳುತ್ತಿಲ್ಲ. (ಬೆಕ್ಕುಗಳಲ್ಲಿ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಹೊರಗೆ ಕಾಣಿಸದೆಯೂ ಇರಬಹುದು.)

ಮರಣೋತ್ತರ ಪರೀಕ್ಷೆ ಮಾಡಿಸಬೇಕೆಂದಿದ್ದೇವೆ. ದೇಹವನ್ನು ಫ್ರೀಜರ್‌ಗೆ ಹಾಕದೆ ಫ್ರಿಜ್‌ನಲ್ಲಿಟ್ಟಿದ್ದೇವೆ, ಹೆಪ್ಪುಗಟ್ಟಿದರೆ ಅಂಗಾಂಶ ಕೆಡುತ್ತದೆ. ಆಪರೇಷನ್ ಮಾಡಿದವರನ್ನು ಬಿಟ್ಟು ಬೇರೆಯವರಿಂದ ಪರೀಕ್ಷೆ ಮಾಡಿಸುವುದು ಹೇಗೆ? ಅರಿವಳಿಕೆಯ ದಾಖಲೆಯಲ್ಲಿ ಏನೇನು ನೋಡಬೇಕು? ಅನುಭವ ಇದ್ದವರು ದಯವಿಟ್ಟು ಬೇಗ ತಿಳಿಸಿ. "ಮೊದಲೇ ರಕ್ತಪರೀಕ್ಷೆ ಮಾಡಿಸಬೇಕಿತ್ತು" ಅನ್ನುವ ಮಾತು ಮಾತ್ರ ಈಗ ಬೇಡ.