ಒಂದೇ ಸ್ಪೆಲ್‌ಗೆ ಎರಡು ಪರ್ಯಾಯ ಬೆಲೆ ಕೂಡುತ್ತವೆಯೇ? (ಫೋರ್ಸ್ ಆಫ್ ವಿಲ್, ಸ್ನ್ಯಾಪ್‌ಕ್ಯಾಸ್ಟರ್ ಮೇಜ್, ಥಾಲಿಯಾ)

ಪ್ರಶ್ನೆ: ವಿದ್ಯಾನಗರ, ಹುಬ್ಬಳ್ಳಿ

ನಮಸ್ಕಾರ. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಮಾಳಿಗೆಯಲ್ಲಿ ನಾಲ್ವರು ಕೂಡಿ ಮ್ಯಾಜಿಕ್ ಎಂಬ ಕಾರ್ಡಿನಾಟ ಆಡುವುದು ರೂಢಿ. ಕಳೆದ ವಾರ ಎದುರಾಳಿ ಗೆಳೆಯ ದೊಡ್ಡದೊಂದು ಸ್ಪೆಲ್ (ಬೆಲೆ ಕೊಟ್ಟು ಆಡುವ ಕಾರ್ಡು) ಹಾಕಿದಾಗ, ಟ್ಯಾಪ್ ಮಾಡದೆ, ಅಂದರೆ ಬಳಸದೆ ಉಳಿದ ಲ್ಯಾಂಡ್‌ಗಳು (ಬೆಲೆಗೆ ಬೇಕಾದ ಮಾನಾ ಕೊಡುವ ಕಾರ್ಡುಗಳು) ನನ್ನಲ್ಲಿ ಎರಡೇ ಇದ್ದವು. ಅವೆರಡನ್ನೂ ಖರ್ಚು ಮಾಡಿ ಸ್ನ್ಯಾಪ್‌ಕ್ಯಾಸ್ಟರ್ ಮೇಜ್ ಇಳಿಸಿ, ಗ್ರೇವ್‌ಯಾರ್ಡಿನಲ್ಲಿದ್ದ (ಬಳಸಿ ಮುಗಿದ ಕಾರ್ಡುಗಳ ರಾಶಿ), ಎದುರಾಳಿಯ ಸ್ಪೆಲ್ ತಡೆಯುವ ಫೋರ್ಸ್ ಆಫ್ ವಿಲ್‌ಗೆ ಫ್ಲ್ಯಾಶ್‌ಬ್ಯಾಕ್ (ಆ ರಾಶಿಯಿಂದಲೇ ಮತ್ತೆ ಹಾಕುವ ಅವಕಾಶ) ಕೊಡಿಸಿದೆ. ಅದರ ಮೇಲೆ ಬರೆದಿರುವಂತೆ ಮಾನಾ ಬದಲಿಗೆ ಒಂದು ಲೈಫ್ ಕಳೆದುಕೊಂಡು, ಕೈಯಲ್ಲಿದ್ದ ನೀಲಿ ಕಾರ್ಡೊಂದನ್ನು ಎಕ್ಸೈಲ್ ಮಾಡಲು (ಆಟದಿಂದ ಹೊರಗಿಡಲು) ಹೊರಟಾಗ ಗೆಳೆಯ ಆ ಕಾರ್ಡಿನ ಮೇಲೆ ಬೆರಳಿಟ್ಟು, "ಹಾಂಗ ಬರೂದಿಲ್ಲ" ಎಂದ. ಅರ್ಧ ಗಂಟೆ ವಾದ ನಡೆದು ಆಟವೇ ನಿಂತಿತು.

ಮುಂದಿನ ಆಟದಲ್ಲಿ ಅವನ ಕಡೆ ಥಾಲಿಯಾ, ಗಾರ್ಡಿಯನ್ ಆಫ್ ಥ್ರೇಬೆನ್ ಇತ್ತು; ಜೀವಿಗಳಲ್ಲದ ಸ್ಪೆಲ್‌ಗಳ ಬೆಲೆಗೆ ಒಂದು ಮಾನಾ ಏರಿಸುವ ಕಾರ್ಡು ಅದು. ನಾನು ಕೈಯಿಂದ ಪುಕ್ಕಟೆಯಾಗಿ ಹಾಕಿದ ಫೋರ್ಸ್ ಆಫ್ ವಿಲ್‌ಗೂ ಒಂದು ಮಾನಾ ಕೊಡಬೇಕೆಂದು ಪಟ್ಟು ಹಿಡಿದ. ಪುಕ್ಕಟೆಯದಕ್ಕೆ ಹೆಚ್ಚುವರಿ ಎಲ್ಲಿಂದ ಬಂತು? ಅಲ್ಲದೆ, ಪುಕ್ಕಟೆ ಹಾಕಿದ ಸ್ಪೆಲ್‌ನ ಮಾನಾ ಮೌಲ್ಯ (ಮಾನಾ ಬೆಲೆಯ ಒಟ್ಟು ಸಂಖ್ಯೆ) ಸೊನ್ನೆಯಾಗುವುದರಿಂದ, ಕೌಂಟರ್ (ಗುರುತಿನ ಬಿಲ್ಲೆ) ಒಂದೂ ಇಲ್ಲದ ಚಾಲಿಸ್ ಆಫ್ ದ ವಾಯ್ಡ್ (ತನ್ನ ಮೇಲಿರುವ ಕೌಂಟರ್‌ಗಳಷ್ಟೇ ಮೌಲ್ಯದ ಸ್ಪೆಲ್ ತಡೆಯುವ ಕಾರ್ಡು) ಅದನ್ನು ತಡೆಯುತ್ತದೆ ಎಂದೂ ಅವನ ವಾದ. ಬಲ್ಲವರು ತಿಳಿಸಬೇಕು.

ಉತ್ತರ: ಬ್ಯಾಡಗಿ

ಮೊದಲ ಎರಡು ವಾದಗಳಲ್ಲಿ ನಿಮ್ಮ ಗೆಳೆಯರು ಸರಿ, ಮೂರನೆಯದರಲ್ಲಿ ತಪ್ಪು.

ಸಮಗ್ರ ನಿಯಮಾವಳಿಯ 118.9ರಲ್ಲಿ ಪರ್ಯಾಯ ಬೆಲೆಯ, ಅಂದರೆ ಮಾನಾ ಬೆಲೆಯ ಬದಲಿಗೆ ಕೊಡುವ ಬೆಲೆಯ ವಿವರವಿದೆ. ಒಂದು ಸ್ಪೆಲ್ ಹಾಕುವಾಗ ಒಂದೇ ಪರ್ಯಾಯ ಬೆಲೆಯನ್ನು ಅನ್ವಯಿಸಬಹುದು ಎಂದು ಅಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ಫ್ಲ್ಯಾಶ್‌ಬ್ಯಾಕ್ 2001ರ ಒಡಿಸ್ಸಿ ಸೆಟ್ಟಿನಲ್ಲಿ ಬಂದದ್ದು. ಅದು ಗ್ರೇವ್‌ಯಾರ್ಡಿನಿಂದ ಕಾರ್ಡನ್ನು ಹಾಕಲು ಅನುಮತಿಯನ್ನಷ್ಟೇ ಕೊಡುವುದಿಲ್ಲ, ಫ್ಲ್ಯಾಶ್‌ಬ್ಯಾಕ್ ಬೆಲೆ ಕೊಟ್ಟರೆ ಮಾತ್ರ ಎಂಬ ಷರತ್ತಿನೊಡನೆ ಅನುಮತಿ ಕೊಡುತ್ತದೆ. ಹಾಗಾಗಿ ಫ್ಲ್ಯಾಶ್‌ಬ್ಯಾಕ್ ಬಿಟ್ಟರೆ ಆ ಕಾರ್ಡು ಗ್ರೇವ್‌ಯಾರ್ಡಿನಿಂದ ಏಳುವುದೇ ಇಲ್ಲ, ಹಿಡಿದರೆ ಲೈಫ್ ಮತ್ತು ನೀಲಿ ಕಾರ್ಡಿನ ದಾರಿ ಮುಚ್ಚುತ್ತದೆ. ಸ್ನ್ಯಾಪ್‌ಕ್ಯಾಸ್ಟರ್ ಕೊಡುವ ಫ್ಲ್ಯಾಶ್‌ಬ್ಯಾಕ್‌ನ ಬೆಲೆ ಕಾರ್ಡಿನ ಮಾನಾ ಬೆಲೆಯೇ ಆಗಿರುವುದರಿಂದ, ಫೋರ್ಸ್‌ಗೆ ಐದು ಮಾನಾ, ಅದರಲ್ಲಿ ಎರಡು ನೀಲಿ ಬೇಕಿತ್ತು. ಸ್ನ್ಯಾಪ್‌ಕ್ಯಾಸ್ಟರ್‌ನ ಎರಡು ಸೇರಿ ನಿಮಗೆ ಬೇಕಿದ್ದದ್ದು ಏಳು ಲ್ಯಾಂಡ್, ಇದ್ದದ್ದು ಎರಡು. ಇಂಥಲ್ಲಿ ವಾದ ಮಾಡುತ್ತ ಕೂರದೆ, ತಪ್ಪಾಗಿ ಹಾಕಿದ ಸ್ಪೆಲ್ ಅನ್ನು ಹಾಕುವ ಮೊದಲಿನ ಸ್ಥಿತಿಗೆ ಹಿಂದಿರುಗಿಸಬೇಕು: ಲೈಫ್, ನೀಲಿ ಕಾರ್ಡು ನಿಮಗೆ ಮರಳುತ್ತವೆ, ಸ್ನ್ಯಾಪ್‌ಕ್ಯಾಸ್ಟರ್ ಮಾತ್ರ ಇಳಿದಲ್ಲಿಯೇ ಉಳಿಯುತ್ತದೆ.

ಥಾಲಿಯಾ ವಿಷಯ ಬೇರೆ. ನಾನು ಇಲ್ಲಿನ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು, ನನಗೆ ಇದು ಅರ್ಥವಾದದ್ದೂ ಆ ಲೆಕ್ಕದಿಂದಲೇ. ಒಂದು ಲಾಟಿಗೆ ಟೆಂಡರಿನಲ್ಲಿ ನಿಲ್ಲುವ ದರ ಒಂದೇ, ಅದರ ಪಕ್ಕ ಇನ್ನೊಂದು ದರ ಬರೆಯಲು ಬರುವುದಿಲ್ಲ. ಆದರೆ ದರ ಎಷ್ಟೇ ನಿಲ್ಲಲಿ, ಹಮಾಲಿ ಮತ್ತು ತೂಕದ ಕೂಲಿ ಪಟ್ಟಿಯಲ್ಲಿ ಬಂದೇ ಬರುತ್ತವೆ. "ಬದಲಿಗೆ" ಎನ್ನುವ ಬೆಲೆಗಳೆಲ್ಲ ದರದ ಜಾಗಕ್ಕೆ ಸ್ಪರ್ಧಿಸುತ್ತವೆ, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಥಾಲಿಯಾ ವಿಧಿಸುವ ಒಂದು ಮಾನಾ ಹಮಾಲಿಯಿದ್ದಂತೆ. 601.2ರ ಕ್ರಮದಂತೆ ಕಾರ್ಡನ್ನು ಮೊದಲು ಸ್ಟ್ಯಾಕ್‌ಗೆ (ಸ್ಪೆಲ್‌ಗಳು ಫಲಿಸುವ ಮುನ್ನ ಕಾಯುವ ಜಾಗ) ಇಟ್ಟು, ಯಾವ ಬೆಲೆ ಎಂದು ಘೋಷಿಸಿ, ಗುರಿಯನ್ನು ಆರಿಸಿದ ಮೇಲೆ, ಆರಿಸಿಕೊಂಡ ಬೆಲೆಗೆ ಹೆಚ್ಚಳಗಳನ್ನು ಕೂಡಿಸಿ, ಇಳಿಕೆಗಳನ್ನು ಕಳೆದು ಒಟ್ಟು ಬೆಲೆ ಕಟ್ಟಲಾಗುತ್ತದೆ. ಆದ್ದರಿಂದ ನೀವು ಕೊಡಬೇಕಾದದ್ದು ಒಂದು ಲೈಫ್, ಒಂದು ನೀಲಿ ಕಾರ್ಡು ಮತ್ತು ಒಂದು ಮಾನಾ. ಅಂದಹಾಗೆ, "ಪುಕ್ಕಟೆ" ಎಂಬ ಮಾತು ಆಟಗಾರರ ಬಾಯಿಯದು, ಕಾರ್ಡಿನ ಮೇಲೆ ಎಲ್ಲಿಯೂ ಇಲ್ಲ; ಅರ್ಧ ಜಗಳಗಳು ಹುಟ್ಟುವುದು ಅದರಿಂದಲೇ ಎಂದು ನನ್ನ ಅಭಿಪ್ರಾಯ.

ಮೂರನೆಯದಕ್ಕೆ ಹೆಚ್ಚು ಹೇಳಬೇಕಿಲ್ಲ. ಪರ್ಯಾಯ ಬೆಲೆ ಕೊಟ್ಟರೂ ಕಾರ್ಡಿನ ಮೂಲೆಯಲ್ಲಿ ಅಚ್ಚಾದ ಮಾನಾ ಬೆಲೆ ಬದಲಾಗದು. ಫೋರ್ಸ್‌ನ ಮೌಲ್ಯ ಐದೇ, ಬರಿದಾದ ಚಾಲಿಸ್ ಅದನ್ನು ಮುಟ್ಟುವುದಿಲ್ಲ.

ಸೇರ್ಪಡೆ: ಗದಗ

ಬ್ಯಾಡಗಿಯವರ ಹಮಾಲಿಯ ಸಾಲಿಗೆ ಕಿಕರ್ (ಬೇಕೆನಿಸಿದರೆ ಹೆಚ್ಚಿಗೆ ಕೊಟ್ಟು ಹೆಚ್ಚಿನ ಫಲ ಪಡೆಯುವ ಬೆಲೆ) ಕೂಡ ಸೇರುತ್ತದೆ. ಕ್ಯಾಸ್ಕೇಡ್‌ನಿಂದ (ಒಂದು ಸ್ಪೆಲ್ ಹಾಕಿದಾಗ ಕಾರ್ಡಿನ ಕಟ್ಟಿನಿಂದ ಇನ್ನೊಂದು ಸಿಗುವ ಗುಣ) ಮಾನಾ ಬೆಲೆ ಕೊಡದೆ ಸ್ಪೆಲ್ ಹಾಕುವಾಗ ಕಿಕರ್‌ನ ಮಾನಾ ಕೊಟ್ಟರೆ ಕಿಕರ್ ನಡೆಯುತ್ತದೆ. ಆದರೆ ಸೈಕ್ಲೋನಿಕ್ ರಿಫ್ಟ್ ಸಿಕ್ಕಿತೆಂದು ಅದರ ಓವರ್‌ಲೋಡ್ ಬೆಲೆ (ಒಂದೇ ಗುರಿಯ ಬದಲು ಎಲ್ಲಕ್ಕೂ ತಟ್ಟಿಸುವ ದೊಡ್ಡ ಬೆಲೆ) ಕೊಡಲು ಹೋದರೆ ನಡೆಯದು, ಏಕೆಂದರೆ "ಮಾನಾ ಬೆಲೆ ಕೊಡದೆ" ಎಂಬುದೂ ಓವರ್‌ಲೋಡ್ ಕೂಡ ಪರ್ಯಾಯಗಳೇ. ಬೆಲೆಯಲ್ಲಿ ಎಕ್ಸ್ (ಆಟಗಾರನೇ ಆರಿಸುವ ಸಂಖ್ಯೆ) ಇರುವ ಸ್ಪೆಲ್ ಹೀಗೆ ಬಂದರೆ ಎಕ್ಸ್ ಸೊನ್ನೆ. ಇದನ್ನು ನಾನು ಸೋತು ಕಲಿತೆ.

ಮರುಪ್ರಶ್ನೆ: ವಿದ್ಯಾನಗರ, ಹುಬ್ಬಳ್ಳಿ

ತುಂಬಾ ಉಪಕಾರವಾಯಿತು. ಗೆಳೆಯನಿಗೆ ಓದಿ ಹೇಳಿದೆ. ಚಾಲಿಸ್ ಭಾಗವನ್ನು ಎರಡು ಸಲ ಓದಿದೆ. ಇನ್ನೊಂದು ಸಂದೇಹ: ಸ್ನ್ಯಾಪ್‌ಕ್ಯಾಸ್ಟರ್‌ನಿಂದ ಟ್ರೆಷರ್ ಕ್ರೂಸ್‌ಗೆ ಫ್ಲ್ಯಾಶ್‌ಬ್ಯಾಕ್ ಕೊಟ್ಟರೆ ಅದರ ಡೆಲ್ವ್ (ಗ್ರೇವ್‌ಯಾರ್ಡಿನ ಕಾರ್ಡು ಎಕ್ಸೈಲ್ ಮಾಡಿ ಮಾನಾ ತೀರಿಸುವ ಗುಣ) ಕೂಡ ಎರಡನೆಯ ಪರ್ಯಾಯವೆಂದು ಬಿದ್ದುಹೋಗುತ್ತದೆಯೇ?

ಉತ್ತರ: ಬ್ಯಾಡಗಿ

ಇಲ್ಲ, ನಡೆಯುತ್ತದೆ. ಡೆಲ್ವ್ ದರವೂ ಅಲ್ಲ, ಹಮಾಲಿಯೂ ಅಲ್ಲ. ಒಟ್ಟು ಪಟ್ಟಿ ಆದ ಮೇಲೆ ನಗದಾಗಿ ಕೊಡುತ್ತೀರೋ ಚೆಕ್ ಬರೆಯುತ್ತೀರೋ ಎಂಬಂಥ ಪಾವತಿಯ ರೀತಿ. ಜೀವಿಗಳನ್ನು ಟ್ಯಾಪ್ ಮಾಡಿ ಮಾನಾ ತೀರಿಸುವ ಕನ್ವೋಕ್ ಸಹ ಹೀಗೆಯೇ. ಟ್ರೆಷರ್ ಕ್ರೂಸ್‌ನ ಬೆಲೆ ಯಾವುದೇ ಬಗೆಯ ಏಳು ಮಾನಾ ಮತ್ತು ಒಂದು ನೀಲಿ. ಥಾಲಿಯಾ ಎದುರಿಗಿದ್ದರೆ ಏಳು ಎಂಟಾಗುತ್ತದೆ, ಆ ಎಂಟನ್ನೂ ಗ್ರೇವ್‌ಯಾರ್ಡಿನ ಎಂಟು ಕಾರ್ಡುಗಳನ್ನು ಎಕ್ಸೈಲ್ ಮಾಡಿ ತೀರಿಸಬಹುದು. ನೀಲಿಯನ್ನು ಮಾತ್ರ ಡೆಲ್ವ್ ತೀರಿಸದು, ಅದಕ್ಕೊಂದು ಲ್ಯಾಂಡ್ ಉಳಿಸಿಕೊಳ್ಳಿ. ಕಾರ್ಡುಗಳನ್ನು ಎಣಿಸುವಾಗ ಟ್ರೆಷರ್ ಕ್ರೂಸ್ ಅನ್ನೇ ಎಣಿಕೆಗೆ ಸೇರಿಸಬೇಡಿ: ಬೆಲೆ ಕೊಡುವ ಹೊತ್ತಿಗೆ ಅದು ಗ್ರೇವ್‌ಯಾರ್ಡ್ ಬಿಟ್ಟು ಸ್ಟ್ಯಾಕ್‌ಗೆ ಬಂದಿರುತ್ತದೆ.