ಸಹಾಯ ಬೇಕು: ತಂಗಿ ಪ್ರೊಫೆಷನಲ್ ಬಾಕ್ಸಿಂಗ್‌ಗೆ ಸಹಿ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಹತ್ರ. ತಂಗಿಗೆ 20 ವರ್ಷ, ಶಿವಮೊಗ್ಗದಲ್ಲಿ ಬಿ.ಕಾಂ. ಓದ್ತಾ ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್ ಆಡ್ತಾಳೆ, ರಾಜ್ಯ ಮಟ್ಟದ ಪದಕ ಇದೆ. ಮಳೆಗಾಲದಲ್ಲಿ ಊರಿಗೆ ಬಂದ್ರೆ ಅಡಿಕೆ ಅಟ್ಟದ ತೊಲೆಗೆ ಬ್ಯಾಗ್ ಕಟ್ಕೊಂಡು ಪ್ರಾಕ್ಟೀಸ್. ಮನೆಯಿಡೀ ಅದುರುತ್ತೆ, ಅಮ್ಮನ ಬೈಗುಳ ಬೇರೆ.

ಈಗ ಬೆಂಗಳೂರಿನ ಒಬ್ಬ ಪ್ರಮೋಟರ್ (ಪ್ರೊ ಫೈಟ್ ಏರ್ಪಡಿಸೋರು) ಮೂರು ವರ್ಷದ ಕಾಂಟ್ರ್ಯಾಕ್ಟ್ ಕಳಿಸಿದ್ದಾರೆ. ಆಟದ ವ್ಯತ್ಯಾಸ ಅವಳಿಗೆ ಗೊತ್ತು. ಅಮೆಚೂರಲ್ಲಿ ಮೂರು ನಿಮಿಷದ ಮೂರು ರೌಂಡ್, ಹೆಡ್‌ಗಾರ್ಡ್ ಇರುತ್ತೆ. ಪ್ರೊದಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಎರಡೇ ನಿಮಿಷದ ರೌಂಡ್, ಶುರುವಲ್ಲಿ ನಾಲ್ಕು, ಟೈಟಲ್ ಫೈಟ್ ಅಂದ್ರೆ ಹತ್ತರವರೆಗೆ, ಹೆಡ್‌ಗಾರ್ಡ್ ಇಲ್ಲ. ಅದಕ್ಕೆಲ್ಲ ಅವಳು ಹೆದರೋಳಲ್ಲ.

ನನ್ನ ತಲೆನೋವು ಆ ಕಾಗದದ್ದು. ಪ್ರಮೋಟರ್ ಒಪ್ಪಿಗೆ ಇಲ್ಲದೆ ಬೇರೆ ಯಾವ ರಿಂಗೂ ಹತ್ತೋ ಹಾಗಿಲ್ಲ ಅಂತ ಒಂದು ಕಲಂ ಇದೆ. ಅಪ್ಪ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆನೋ ಪೊಲೀಸೋ ಆಗ್ಲಿ ಅಂತ ಆಸೆ ಇಟ್ಕೊಂಡು ಕೂತಿದ್ದಾರೆ. ಕೋಚ್ ಕೇಳಿದ್ರೆ "ಹೋದ್ರೆ ವಾಪಸ್ ಬರಕ್ಕಾಗಲ್ಲ" ಅಂತಾರೆ. ಆದ್ರೆ ಮಣಿಪುರದ ಬಾಕ್ಸರ್ ಸರಿತಾ ದೇವಿ 2017ರಲ್ಲಿ ಇಂಫಾಲದಲ್ಲಿ ಪ್ರೊ ಫೈಟ್ ಆಡಿ, ಆಮೇಲೆ ಅಮೆಚೂರಿಗೆ ವಾಪಸ್ ಬಂದ್ರಲ್ಲ? ಪ್ರಮೋಟರ್ ಫೋನಲ್ಲಿ "ಅದೆಲ್ಲ ಮಾಮೂಲಿ ಕಲಂ" ಅಂದು ಮಾತು ತೇಲಿಸಿದ್ರು. ನಮ್ಮೂರ ವಕೀಲರು ಜಮೀನಿನ ಕೇಸ್ ನೋಡೋರು, ಓದಿ "ಇದು ನಂಗೆ ಬಗೆಹರಿಯಲ್ಲ ಮಾರಾಯ" ಅಂತ ವಾಪಸ್ ಕೊಟ್ರು.

ಗೊತ್ತಿದ್ದೋರು ಹೇಳಿ: ಒಂದೇ ಒಂದು ಪ್ರೊ ಫೈಟ್ ಆಡಿದ್ರೂ ಈಗಿನ ನಿಯಮದಲ್ಲಿ ರಾಜ್ಯ, ರಾಷ್ಟ್ರೀಯ ಅಮೆಚೂರ್ ಟೂರ್ನಿಗೂ ಸ್ಪೋರ್ಟ್ಸ್ ಕೋಟಾಗೂ ಅನರ್ಹ ಆಗ್ತಾಳಾ? ಇಂಥ ಕಾಂಟ್ರ್ಯಾಕ್ಟ್ ನೋಡಿ ಅಭ್ಯಾಸ ಇರೋ ವಕೀಲರು ಶಿವಮೊಗ್ಗ ಕಡೆ ಯಾರಾದ್ರೂ ಇದ್ದಾರಾ? ತಿಂಗಳ ಕೊನೆಯೊಳಗೆ ಉತ್ತರ ಕೊಡ್ಬೇಕು.